ದವಡೆಯಲ್ಲಿ ಬಂದ ಹಲ್ಲು

ನನಗೆ ಬಾಯಿ ಕಂಡರೆ ಹೇಸಿಗೆ. ಹದಿನಾರು ವರ್ಷದಿಂದ ಮಕ್ಕಳ ಹಲ್ಲಿನ ಡಾಕ್ಟರಾಗಿ ಅನ್ನ ತಿನ್ನುತ್ತಿರುವವಳು ಹೀಗೆಲ್ಲ ಹೇಳಬಾರದು, ಆದರೂ ನಿಜ. ಹೊಸಹಳ್ಳಿ ಮೆಟ್ರೋ ಇಳಿದು ಐದು ನಿಮಿಷ ನಡೆದರೆ ಒಂದು ಬೇಕರಿ, ಅದರ ಮೇಲೆ ನನ್ನ ಕ್ಲಿನಿಕ್ಕು. ಕೆಳಗೆ ಕ್ರೀಮ್ ಬನ್ನು, ಮೇಲೆ ಹುಳುಕು ಹಲ್ಲು. ಜಾಗ ನೋಡಿದವರೆಲ್ಲ ನಗುತ್ತಾರೆ. ದಿನಕ್ಕೆ ಹದಿನೈದು ಇಪ್ಪತ್ತು ಪುಟ್ಟ ಬಾಯಿಗಳು ನನ್ನ ದೀಪದ ಕೆಳಗೆ ತೆರೆದುಕೊಳ್ಳುತ್ತವೆ, ಒಂದೊಂದೂ ಒಂದೊಂದು ತಿಪ್ಪೆ. ಹಲ್ಲಿನ ಸಂದಿಯಲ್ಲಿ ಮೊನ್ನೆಯ ಚಿಪ್ಸು ಹಿಟ್ಟಾಗಿ ಕೂತಿರುತ್ತದೆ. ಹುಳುಕಿನ ಗುಳಿಯೊಳಗೆ ಮನೆಯವರು ತುರುಕಿದ ಲವಂಗದ ಪುಡಿ, ಹತ್ತಿ, ಕರ್ಪೂರ, ಒಂದು ಸಲವಂತೂ ನಶ್ಯ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ನನ್ನ ಕಸುಬಿನಲ್ಲಿ ಬಾಯಿಯೇ ಕೆಸರು.

ಬಡವರ ಮಕ್ಕಳು ಮಾತ್ರ ಹೀಗೆ ಅಂದುಕೊಳ್ಳಬೇಡಿ. ಬಸವೇಶ್ವರನಗರದಿಂದ ದೊಡ್ಡ ಕಾರಿನಲ್ಲಿ ಬಂದ ನಾಲ್ಕು ವರ್ಷದ ಮಗುವಿನ ಕೆನ್ನೆಯೊಳಗಿಂದ ಬೆಳಗ್ಗೆ ಹನ್ನೊಂದಕ್ಕೆ ನಾನು ಅರ್ಧ ಇಡ್ಲಿ ತೆಗೆದಿದ್ದೇನೆ. ಏಳೂವರೆಗೆ ಮೊಬೈಲು ತೋರಿಸುತ್ತಾ ತುರುಕಿದ್ದಂತೆ. ಹುಳಿ ವಾಸನೆ ಬರುತ್ತಿತ್ತು. ಅದರಮ್ಮ, “ಅವ್ನು ನುಂಗೋದು ಸ್ವಲ್ಪ ಸ್ಲೋ ಡಾಕ್ಟ್ರೇ” ಎಂದಳು. ಇನ್ನೊಬ್ಬಳು ಎರಡೂವರೆ ವರ್ಷದ ಕೂಸನ್ನು ತಂದಿದ್ದಳು. ಮುಂದಿನ ನಾಲ್ಕು ಹಲ್ಲೂ ಕರಗಿ ಒಸಡಿನ ಮಟ್ಟಕ್ಕೆ ಕಪ್ಪಗೆ ನಿಂತಿದ್ದವು. “ರಾತ್ರಿ ಬಾಟ್ಲಿ ಬಾಯಲ್ಲಿಲ್ದೆ ಮಲಗೋದೇ ಇಲ್ಲ. ಹಾಲು ಹಲ್ಲು ತಾನೇ, ಬಿದ್ದೋಗುತ್ತೆ ಬಿಡಿ” ಎಂದು ನನಗೇ ಸಮಾಧಾನ ಹೇಳಿದಳು. ಅವರೆಲ್ಲರ ಮುಂದೆ ನಾನು ಮಾಸ್ಕಿನ ಹಿಂದೆ ನಗುತ್ತೇನೆ. ಮಾಸ್ಕಿನ ಹಿಂದೆ ನಗುವುದಕ್ಕೆ ತುಟಿ ಅಲ್ಲಾಡಬೇಕಿಲ್ಲ, ಕಣ್ಣು ಕಿರಿದು ಮಾಡಿದರೆ ಸಾಕು.

ಈ ಹೇಸಿಗೆ ಕಾಲೇಜಿನಲ್ಲಿ ಕಲಿತದ್ದಲ್ಲ, ಮನೆಯಿಂದ ಬಂದದ್ದು. ನಮ್ಮ ಮನೆಯಲ್ಲಿ ಎಂಜಲು ಎಂದರೆ ಎಂಜಲು. ಲೋಟವನ್ನು ತುಟಿಗೆ ತಾಗಿಸಿದರೆ ಅಮ್ಮ ಅದನ್ನು ಬಚ್ಚಲಿಗೆ ಒಯ್ದು ಹುಣಸೆಹಣ್ಣು ಹಾಕಿ ತಿಕ್ಕಿಸುತ್ತಿದ್ದಳು. ತಮ್ಮ ಕಚ್ಚಿದ ಮಾವಿನ ಹೋಳನ್ನು ನಾನು ಮುಟ್ಟಿದವಳಲ್ಲ. ಡೆಂಟಲ್ ಸೀಟು ಸಿಕ್ಕಿದಾಗ ಅಮ್ಮ ಹಣೆ ಚಚ್ಚಿಕೊಂಡು, “ಊರೋರ ಎಂಜಲು ಬಾಯಿಗೆಲ್ಲ ಕೈ ಹಾಕ್ತೀಯೇನೇ ಸ್ಮೃತಿ?” ಎಂದಿದ್ದಳು. ಗ್ಲೌಸ್ ಇರುತ್ತಮ್ಮ ಎಂದೆ. ಆ ಗ್ಲೌಸೇ ನನ್ನ ಮಡಿಬಟ್ಟೆಯಾಯಿತು. ಅದರೊಳಗೆ ಕೈ ಹೋದ ಮೇಲೆ ನನಗೆ ಧೈರ್ಯ. ಕೆಲಸ ಚೆನ್ನಾಗಿ ಮಾಡುತ್ತೇನೆ ಎಂಬ ಹೆಸರೂ ಬಂತು. ಹೇಸಿಗೆ ಇದ್ದವರು ಕ್ಲೀನಾಗಿ ಕೆಲಸ ಮಾಡುತ್ತಾರೆ ಎಂದು ನನ್ನನ್ನು ನಾನೇ ಹೊಗಳಿಕೊಂಡು ಬದುಕಿದ್ದೆ.

ಹೋದ ವರ್ಷ ಶ್ರಾವಣದ ಒಂದು ಶನಿವಾರ, ಸಂಜೆ ನಾಲ್ಕೂ ಇಪ್ಪತ್ತೈದಕ್ಕೆ, ದುಂಡೇಶ ಎಂಬುವವನು ಮಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದ. ಅವನು ನನಗೆ ಗೊತ್ತಿದ್ದವನೇ. ಜಮಖಂಡಿ ಕಡೆಯವನು, ಮನೆಮನೆಗೆ ಊಟ ತಲುಪಿಸುವ ಕೆಲಸ. ಹೆಂಡತಿ ಸುವರ್ಣಾ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನ ಹಿಂದೆ ತಗಡಿನ ಸೂರಿನ ಎರಡು ಕೋಣೆಯಲ್ಲಿ ತಾಯಿಯನ್ನೂ ಇಟ್ಟುಕೊಂಡಿದ್ದಾನೆ. ಎರಡು ತಿಂಗಳ ಹಿಂದೆ ಮಗಳು ಗುರುದೇವಿಯ ದವಡೆಹಲ್ಲಿನ ಹುಳುಕು ತುಂಬಿಸಿಕೊಂಡು ಹೋಗಿದ್ದ. ಎಂಟು ವರ್ಷದ ಹುಡುಗಿ, ಮೂರನೇ ಕ್ಲಾಸು. ಆಗ ಅರಳು ಹುರಿದ ಹಾಗೆ ಮಾತಾಡುತ್ತಿದ್ದವಳು ಈಗ ಅಪ್ಪನ ಕೆಂಪು ಟೀ ಶರ್ಟಿಗೆ ಬಾಯಿ ಒತ್ತಿಕೊಂಡು ಬಿಕ್ಕುತ್ತಿದ್ದಳು.

“ಮೇಡಂ, ಬಿದ್ದಾಳ್ರಿ. ಸಂಪಿನ ಮುಚ್ಚಳ ಬಡದೈತಿ. ಮುಂದಿನ ಹಲ್ಲ ಕಿತ್ ಬಂದೈತ್ರಿ.”

ಕುರ್ಚಿಗೆ ಹಾಕಿ ದೀಪ ಹಚ್ಚಿದೆ. ರಕ್ತ ಹೆಪ್ಪುಗಟ್ಟಿತ್ತು, ಅದರ ಮೇಲೆ ಮುಷ್ಟಿ ಅರಿಶಿನ, ಅರಿಶಿನದ ಮೇಲೆ ಜೊಲ್ಲು. ಕೆಸರುಗದ್ದೆ. ಪುಟ್ಟಲಕ್ಷ್ಮಿ ನೀರು ಹಾಯಿಸಿದಳು, ನಾನು ಹೀರುಗೊಳವೆ ಹಿಡಿದೆ. ಪುಟ್ಟಲಕ್ಷ್ಮಿ ನನ್ನ ಜೊತೆ ಹನ್ನೊಂದು ವರ್ಷದಿಂದ ಇದ್ದಾಳೆ, ಬಾಯಿ ಬಿಟ್ಟು ಕೇಳುವ ಮೊದಲೇ ಬೇಕಾದ ಸಾಮಾನು ಕೈಗಿಡುತ್ತಾಳೆ. ತೊಳೆದು ನೋಡಿದರೆ ಮೇಲಿನ ಬಲಗಡೆಯ ಮುಂದಿನ ಹಲ್ಲು ಬೇರು ಸಮೇತ ಹೋಗಿತ್ತು. ಮೂಳೆ ಒಡೆದಿರಲಿಲ್ಲ, ಹಲ್ಲು ಕೂರುವ ಗೂಡು ಚೆನ್ನಾಗಿತ್ತು. ಹೋದ ವರ್ಷವಷ್ಟೇ ಹುಟ್ಟಿದ ಶಾಶ್ವತ ಹಲ್ಲು ಅದು. ಇನ್ನು ಹುಟ್ಟುವುದಿಲ್ಲ.

ಇಂಥ ಹಲ್ಲನ್ನು ವಾಪಸು ಕೂರಿಸಬಹುದು. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಬೇರಿನ ಸುತ್ತ ತೆಳುವಾದ, ಗುಲಾಬಿ ಬಣ್ಣದ ಒಂದು ಪೊರೆ ಇರುತ್ತದೆ. ಹಲ್ಲನ್ನು ಮೂಳೆಗೆ ಹಿಡಿದಿಡುವುದು ಅದೇ. ಅದು ಒಣಗದೆ, ಹರಿಯದೆ, ಸುಮಾರು ಒಂದು ಗಂಟೆಯೊಳಗೆ ಗೂಡಿಗೆ ಹೋದರೆ ಹಲ್ಲು ಉಳಿಯುತ್ತದೆ. ಪೊರೆ ಸತ್ತರೆ ಹಲ್ಲು ಕೂತಂತೆ ಕಂಡರೂ ಮೂಳೆ ಅದರ ಬೇರನ್ನು ನಿಧಾನವಾಗಿ ತಿಂದುಹಾಕುತ್ತದೆ. ಅದಕ್ಕೇ ನನ್ನ ಕ್ಲಿನಿಕ್ಕಿನ ಗೋಡೆಯ ಮೇಲೆ ಕನ್ನಡದಲ್ಲೇ ದೊಡ್ಡದಾಗಿ ಬರೆಸಿ ಹಾಕಿದ್ದೇನೆ: ಬಿದ್ದ ಹಲ್ಲನ್ನು ಹಾಲಿನಲ್ಲಿ ಹಾಕಿ ತನ್ನಿ, ಬೇರು ಮುಟ್ಟಬೇಡಿ, ಉಜ್ಜಬೇಡಿ.

“ಹಲ್ಲೆಲ್ಲಿ ದುಂಡೇಶ? ಕೊಡಿ ಬೇಗ.”

ಅವನು ಕತ್ತು ಕೆರೆದುಕೊಂಡ. “ಹಲ್ಲ ಇಲ್ರಿ. ಅವ್ವ ಒಗದಾಳ್ರಿ.”

“ಎಲ್ಲಿಗೆ ಎಸೆದ್ರು?”

“ತಗಡಿನ ಮ್ಯಾಲ. ಸೆಗಣ್ಯಾಗ ಇಟ್ಟು.”

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ ಮೈಯೆಲ್ಲ ಉರಿಯಿತು. ಮಕ್ಕಳ ಹಾಲುಹಲ್ಲು ಬಿದ್ದರೆ ಸಗಣಿಯ ಉಂಡೆಯೊಳಗಿಟ್ಟು ಸೂರಿನ ಮೇಲೆ ಎಸೆಯುತ್ತಾರಲ್ಲ, ಹೊಸ ಹಲ್ಲು ಚೆಂದ ಬರಲಿ ಎಂದು, ಆ ಶಾಸ್ತ್ರ. ನನ್ನ ಅಜ್ಜಿಯೂ ಮಾಡಿದ್ದಾಳೆ. ಬೆಳಿಗ್ಗೆ ಬಾಗಿಲು ಸಾರಿಸಲು ತಂದು ಉಳಿದಿದ್ದ ಸಗಣಿಯಲ್ಲಿ ಈ ಮುದುಕಿ ಮೊಮ್ಮಗಳ ಇಡೀ ಜನ್ಮದ ಹಲ್ಲನ್ನು ಉಂಡೆಕಟ್ಟಿ ಬೀಸಿ ಒಗೆದಿದ್ದಳು. ಬೀದಿಯ ಪ್ಲಾಸ್ಟಿಕ್ಕು, ಕೊಳೆತ ಅನ್ನ ತಿಂದ ಹಸುವಿನ ಸಗಣಿ.

“ಫೋನ್ ಮಾಡಿ ಅವರಿಗೆ. ಸ್ಪೀಕರ್ ಹಾಕಿ.”

ಅತ್ತ ಕಡೆಯಿಂದ ಗಡುಸು ದನಿ ಬಂತು. ಹೆಸರು ಪಾರವ್ವ ಎಂದು ಆಮೇಲೆ ತಿಳಿಯಿತು.

“ಅಜ್ಜಿ, ನಾನು ಹಲ್ಲಿನ ಡಾಕ್ಟ್ರು. ನೀವು ಎಸೆದ ಹಲ್ಲು ಬೇಕು. ಈಗಲೇ.”

“ಅದ್ಯಾಕ್ರಿ ಅಕ್ಕಾರ? ಹಾಲ್ ಹಲ್ಲ ಅಲ್ಲೇನ್ರಿ ಅದು? ಮೊನ್ನೆ ಕೆಳಗಿಂದು ಬಿತ್ತಲ್ರಿ, ಹಂಗ ಇದೂ ಬಿತ್ತು ಅಂತ ತಿಳದೆ.”

“ಹಾಲು ಹಲ್ಲಲ್ಲ. ಸಾಯೋತನಕ ಇರಬೇಕಾದ ಹಲ್ಲು. ಇನ್ನು ಮುಕ್ಕಾಲು ಗಂಟೇಲಿ ಇಲ್ಲಿಗೆ ಬಂದ್ರೆ ಮತ್ತೆ ಕೂರಿಸಬಹುದು.”

ಅತ್ತ ಕಡೆಯಿಂದ “ಅಯ್ಯ ಶಿವನ!” ಎಂಬ ಒಂದು ಕೂಗು.

“ಕೇಳಿಸ್ಕೊಳ್ಳಿ. ಸಿಕ್ಕ ಮೇಲೆ ಬೇರಿನ ಕಡೆ ಹಿಡೀಬೇಡಿ, ಕಚ್ಚೋ ಕಡೆ ಹಿಡೀರಿ. ಅದರ ಮೇಲೆ ನೀರು ಬಿಟ್ಟು ಒಂದೇ ಸಲ ಅಲುಗಿಸಿ. ಎಷ್ಟೇ ಗಲೀಜಿದ್ರೂ ಉಜ್ಜಬೇಡಿ. ಉಜ್ಜಿದ್ರೆ ಹಲ್ಲು ಸತ್ತೋಗುತ್ತೆ. ಆಮೇಲೆ ಹಾಲಲ್ಲಿ ಹಾಕಿ. ನಿಮ್ಮ ಮಗ ಬರ್ತಾರೆ.”

“ಹಾಲ ಇಲ್ರಿ. ಮುಂಜಾನಿ ಚಾಕ್ಕ ಮುಗದಾವು. ಅಂಗಡಿಗೆ ಓಡ್ಲೇನು?”

ಅಂಗಡಿಗೆ ಹೋಗಿ ಬರುವ ಹತ್ತು ನಿಮಿಷವನ್ನು ತಗಡಿನ ಮೇಲೆ ಹುಡುಕುವುದಕ್ಕೆ ಬಳಸಲಿ ಎಂದು ನಾನು ಪುಸ್ತಕದಲ್ಲಿದ್ದ ಎರಡನೇ ದಾರಿ ಹೇಳಿದೆ. “ಬೇಡ. ಹಾಲಿಲ್ಲದಿದ್ರೆ ಬಾಯಲ್ಲಿಟ್ಕೊಳ್ಳಿ. ಕೆನ್ನೆಗೂ ದವಡೆಗೂ ನಡುವೆ. ಇಲ್ಲಿಗೆ ಬರೋತನಕ ಮಾತಾಡ್ಬೇಡಿ, ನುಂಗ್ಬೇಡಿ.”

ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ ಹಾಗೆ ಹೇಳಿದೆ. ಯಾರ ಬಾಯಿ, ಅದು ಎಂಥ ಬಾಯಿ ಎಂದು ಯೋಚಿಸಲಿಲ್ಲ. ದುಂಡೇಶ ಮೂರು ಮೂರು ಮೆಟ್ಟಿಲು ಹಾರಿ ಕೆಳಗಿಳಿದು ಹೋದ.

ನಾವು ಮೂವರು ಉಳಿದೆವು. ಹೊರಗೆ ಕಾಯುತ್ತಿದ್ದ ಇಬ್ಬರನ್ನು ಪುಟ್ಟಲಕ್ಷ್ಮಿ ಸೋಮವಾರ ಬನ್ನಿ ಎಂದು ಕಳಿಸಿದಳು. ಗುರುದೇವಿ ಅಂಗೈಯಿಂದ ಬಾಯಿ ಮುಚ್ಚಿಕೊಂಡೇ ಕೂತಿದ್ದಳು. ಬೆರಳ ಸಂದಿಯಿಂದ ಕೇಳಿದಳು: “ಆಂಟಿ, ಹಲ್ಲು ಸಿಗದಿದ್ರೆ?”

“ಸಿಗುತ್ತೆ ಕಂದ.”

“ಸಿಗದಿದ್ರೆ ಹಿಂಗೇ ಇರುತ್ತಾ? ದೊಡ್ಡೋಳಾದ್ರೂ?”

ಹದಿನೆಂಟಾಗುವವರೆಗೆ ಕಾಯಬೇಕು, ಮೂಳೆ ಬೆಳೆದು ನಿಂತ ಮೇಲೆ ಬೇರೆ ಹಲ್ಲು ಹಾಕಬಹುದು, ಅಲ್ಲಿಯವರೆಗೆ ತೆಗೆದು ಹಾಕುವ ಪ್ಲಾಸ್ಟಿಕ್ ಹಲ್ಲು. ಇದನ್ನೆಲ್ಲ ಎಂಟು ವರ್ಷದವಳಿಗೆ ಹೇಗೆ ಹೇಳುವುದು? ಹತ್ತು ವರ್ಷ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುವ ಹುಡುಗಿಯರನ್ನು ನಾನು ನೋಡಿದ್ದೇನೆ. ಆಮೇಲೆ ನಗುವುದನ್ನೇ ಬಿಡುತ್ತಾರೆ. ಈ ಹುಡುಗಿ ಹಾಗಾಗಬಾರದು ಎಂದು ನನಗೆ ನಿಜವಾಗಿಯೂ ಅನ್ನಿಸಿತು. ಅಷ್ಟರ ಮಟ್ಟಿಗೆ ನಾನು ಕೆಟ್ಟವಳಲ್ಲ.

ಐದೂಕಾಲಿಗೆ ಅವರು ಬಂದರು. ಪಾರವ್ವನನ್ನು ನಾನು ನೋಡಿದ್ದು ಅದೇ ಮೊದಲು. ಗಿಡ್ಡ ಹೆಂಗಸು, ಕಚ್ಚೆ ಸೀರೆ, ಹಣೆಯ ತುಂಬ ವಿಭೂತಿ. ಮೊಣಕೈ ತರಚಿ ರಕ್ತ ಒಸರುತ್ತಿತ್ತು, ಸೀರೆಯ ಮೊಣಕಾಲ ಹತ್ತಿರ ತಗಡಿನ ತುಕ್ಕು. ಅರವತ್ತೈದರ ಮುದುಕಿ ಏಣಿ ಹತ್ತಿ ತಗಡಿನ ಮೇಲೆ ತೆವಳಿ ಆ ಉಂಡೆ ಹುಡುಕಿದ್ದಳು. ಬಲಗೆನ್ನೆ ಉಬ್ಬಿತ್ತು. ತುಟಿ ಹೊಲಿದ ಹಾಗೆ ಬಿಗಿದಿದ್ದಳು. ಮಾಗಡಿ ರೋಡಿನ ಹೊಗೆಯಲ್ಲಿ, ಆ ಗುಂಡಿಗಳ ಮೇಲೆ, ಮಗನ ಬೈಕಿನ ಹಿಂದೆ ಕೂತು ಒಂದೇ ಒಂದು ಮಾತಾಡದೆ ಬಂದಿದ್ದಳಂತೆ.

ನೇರ ನನ್ನ ಹತ್ತಿರ ಬಂದು ಬಗ್ಗಿ, ನನ್ನ ಅಂಗೈ ಮೇಲೆ ಬಾಯಿ ತೆರೆದಳು.

ಐವತ್ತು ವರ್ಷ ತಂಬಾಕು ಜಗಿದ ಬಾಯಿ. ಹಲ್ಲುಗಳೆಲ್ಲ ಕಂದು, ಕೆಲವು ಕಪ್ಪು. ಸುಣ್ಣ ಸುಟ್ಟು ಬೆಳ್ಳಗೆ ಸುಕ್ಕಾದ ಕೆನ್ನೆಯ ಒಳಮೈ. ಅಲ್ಲಿಂದ ಹಲ್ಲು ಜಾರಿ ನನ್ನ ಗ್ಲೌಸಿನ ಮೇಲೆ ಬಿತ್ತು. ಅದರ ಹಿಂದೆ ಒಂದು ಎಳೆ ಜೊಲ್ಲು, ಕಂದು ಬಣ್ಣದ್ದು, ಅವಳ ತುಟಿಯಿಂದ ನನ್ನ ಅಂಗೈವರೆಗೆ ತೂಗಿ ನಿಂತಿತು. ಕಡಿಯಲಿಲ್ಲ. ಹಲ್ಲು ಬೆಚ್ಚಗಿತ್ತು. ರಬ್ಬರಿನ ಮೂಲಕವೂ ಅವಳ ಬಾಯಿಯ ಬಿಸಿ ನನಗೆ ತಾಗಿತು. ತಂಬಾಕಿನ ಘಾಟು, ಹಳೆಯ ಒಸಡಿನ ವಾಸನೆ.

“ಉಜ್ಜಿಲ್ರಿ ಅಕ್ಕಾರ. ನೀವ್ ಹೇಳಿದಂಗ ಬರೇ ನೀರ ಬಿಟ್ಟೀನಿ” ಎಂದಳು. ಅಷ್ಟು ಹೊತ್ತಿನ ಮೇಲೆ ಆಡಿದ ಮೊದಲ ಮಾತು.

ನಾನು ಹಲ್ಲನ್ನು ದೀಪಕ್ಕೆ ಹಿಡಿದೆ. ಇದನ್ನು ಸರಿಯಾಗಿ ಹೇಳಬೇಕು. ಬೇರು ಒದ್ದೆಯಾಗಿತ್ತು. ಅದರ ಮೇಲೆ ಪೊರೆ ಇತ್ತು, ಅಲ್ಲಲ್ಲಿ ಗುಲಾಬಿ ಎಳೆಗಳು ತೇವದಲ್ಲಿ ಮಿಂಚುತ್ತಿದ್ದವು. ಸಗಣಿಯ ಹಸಿತನವೋ, ಮುದುಕಿಯ ಬಾಯಿಯೋ, ಎರಡೂ ಸೇರಿಯೋ ಅದನ್ನು ಒಣಗಲು ಬಿಟ್ಟಿರಲಿಲ್ಲ. ಕುತ್ತಿಗೆಯ ಹತ್ತಿರ ಎಳ್ಳಿನಷ್ಟು ಹಸಿರು ಅಂಟಿತ್ತು, ಅಷ್ಟೇ. ಪುಟ್ಟಲಕ್ಷ್ಮಿ ಬಟ್ಟಲಿನಲ್ಲಿ ಸಲೈನು ಹಾಕಿ ಮುಂದೆ ಹಿಡಿದಿದ್ದಳು. ಅದರೊಳಗೆ ಅದ್ದಿ ನಾಲ್ಕು ಸಲ ಅಲ್ಲಾಡಿಸಿದರೆ ಕೆಲಸ ಮುಗಿಯುತ್ತಿತ್ತು.

ಅದ್ದಿದೆ, ಅಲ್ಲಾಡಿಸಿದೆ. ಹಸಿರು ಹೋಯಿತು. ಹೊರಗೆ ತೆಗೆದೆ. ಹಲ್ಲು ಸಿದ್ಧವಾಗಿತ್ತು.

ಆದರೆ ನನ್ನ ಮೂಗಿನಿಂದ ತಂಬಾಕಿನ ವಾಸನೆ ಹೋಗಿರಲಿಲ್ಲ. ಆ ಕಂದು ಎಳೆ ಇನ್ನೂ ಹಲ್ಲಿಗೆ ಸುತ್ತಿಕೊಂಡಿದೆ ಎಂದೇ ಅನ್ನಿಸುತ್ತಿತ್ತು. ನನ್ನ ಕೈ ಟ್ರೇಯಿಂದ ಗಾಜ್ ಬಟ್ಟೆ ತೆಗೆದುಕೊಂಡಿತು. ಅಯೋಡಿನ್ನಿನಲ್ಲಿ ನೆನೆಸಿತು. ಬೇರನ್ನು ಸುತ್ತಿ ಹಿಡಿದು ಉಜ್ಜಿತು. ಕೈ ಉಜ್ಜಿತು ಎಂದು ಬರೆಯುವುದು ಬಲು ಸುಲಭ. ಕೈಗೆ ತನ್ನದೇ ಬುದ್ಧಿ ಇರುತ್ತದೆಯೇ? ನಾನೇ ಉಜ್ಜಿದೆ. ಮೇಲಿಂದ ಕೆಳಕ್ಕೆ, ತಿರುಗಿಸಿ, ಮತ್ತೆ ಮೇಲಿಂದ ಕೆಳಕ್ಕೆ, ಅಮ್ಮ ಲೋಟ ತಿಕ್ಕಿಸುತ್ತಿದ್ದ ಹಾಗೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುವ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

“ಮೇಡಂ... ಸಾಕಲ್ವಾ?” ಎಂದಳು ಪುಟ್ಟಲಕ್ಷ್ಮಿ, ಮೆಲ್ಲಗೆ.

“ಸಗಣಿ ಕಾಣ್ಸಲ್ವಾ ನಿಂಗೆ?” ಎಂದು ಗದರಿದೆ.

ಸಗಣಿ ಇರಲಿಲ್ಲ. ಇಬ್ಬರಿಗೂ ಕಾಣುತ್ತಿತ್ತು. ಅವಳು ಬಟ್ಟಲು ಕೆಳಗಿಟ್ಟಳು. ಹದಿನೈದು ಸೆಕೆಂಡೋ ಇಪ್ಪತ್ತೋ, ಬೇರು ತೊಳೆದ ಪಿಂಗಾಣಿಯ ಹಾಗೆ ಬೆಳ್ಳಗಾಗುವವರೆಗೆ ಉಜ್ಜಿದೆ. ಬಟ್ಟೆಯ ಮೇಲೆ ಗುಲಾಬಿ ಚೂರುಗಳು ಉಳಿದವು. ಆಗ ನನಗೆ ಎಂಥ ನೆಮ್ಮದಿಯಾಯಿತು ಗೊತ್ತೇ? ಈಗ ಇದು ಮುಟ್ಟುವಂತಾಯಿತು ಎನ್ನಿಸಿತು. ಮರುಕ್ಷಣ ಏನು ಮಾಡಿದೆ ಎಂಬುದು ತಲೆಗೆ ಹತ್ತಿತು.

ಉಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದೆ. ಮರಗಟ್ಟಿಸಿ, ಗೂಡು ತೊಳೆದು, ಹಲ್ಲನ್ನು ಒತ್ತಿದಾಗ ಅದು ತನ್ನ ಜಾಗಕ್ಕೆ ಸರಿಯಾಗಿ ಹೋಗಿ ಕೂತಿತು. ಪಕ್ಕದ ಹಲ್ಲುಗಳಿಗೆ ತೆಳು ತಂತಿ ಕಟ್ಟಿದೆ. ಧನುರ್ವಾಯು ಇಂಜೆಕ್ಷನ್ನಿಗೆ, ಮಾತ್ರೆಗೆ ಬರೆದುಕೊಟ್ಟೆ. ಗುರುದೇವಿ ಕನ್ನಡಿ ನೋಡಿಕೊಂಡು ಊದಿದ ತುಟಿಯಲ್ಲೇ ನಕ್ಕಳು. ದುಂಡೇಶ ಹೆಂಡತಿಗೆ ಫೋನು ಮಾಡಿ, “ಕೂಡಿಸ್ಯಾರ ನೋಡ, ಮೊದಲಿನಂಗ ಆತು” ಎನ್ನುತ್ತಾ ಗಟ್ಟಿಯಾಗಿ ಅತ್ತುಬಿಟ್ಟ. ಪಾರವ್ವ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಲು ಬಂದಳು. ನಾನು ಗ್ಲೌಸ್ ಬಿಚ್ಚಿದ್ದೆ. ಕೈ ಹಿಂದಕ್ಕೆಳೆದುಕೊಂಡು, “ಇರಲಿ ಬಿಡಿ ಅಜ್ಜಿ” ಎಂದೆ. ಅವಳು ಅಲ್ಲಿಂದಲೇ ನೆಟಿಗೆ ಮುರಿದಳು.

ಅವರು ಹೋದ ಮೇಲೆ ಕೇಸ್ ಶೀಟಿನಲ್ಲಿ ಬರೆದೆ: ಹಲ್ಲು ಸಗಣಿಯಲ್ಲಿತ್ತು. ಒಟ್ಟು ಹೊರಗಿದ್ದ ಹೊತ್ತು ಎಪ್ಪತ್ತೈದು ನಿಮಿಷ. ಸಲೈನಿನಲ್ಲಿ ತೊಳೆದು ಕೂರಿಸಲಾಯಿತು. ಉಜ್ಜಿದ್ದನ್ನು ಬರೆಯಲಿಲ್ಲ. ಪುಟ್ಟಲಕ್ಷ್ಮಿ ಆ ಶೀಟನ್ನು ಓದಿ ಫೈಲಿಗೆ ಸೇರಿಸಿದಳು. ಅವಳು ಏನಾದರೂ ಅಂದಿದ್ದರೆ ಬೈದು ಹಗುರಾಗುತ್ತಿದ್ದೆ.

ಎರಡು ವಾರಕ್ಕೆ ತಂತಿ ಬಿಚ್ಚಿದೆ, ಹಲ್ಲು ಗಟ್ಟಿಯಾಗಿತ್ತು. ಮೂರು ತಿಂಗಳಿಗೆ ಬಂದಾಗ ಅತಿಯಾಗಿಯೇ ಗಟ್ಟಿಯಾಗಿತ್ತು, ಒಂದಿಷ್ಟೂ ಮಿಸುಕುತ್ತಿರಲಿಲ್ಲ. ಪೊರೆ ಸತ್ತು ಹಲ್ಲು ಮೂಳೆಗೇ ಅಂಟಿಕೊಂಡಿದೆ ಎಂದು ನನಗೆ ಅರ್ಥವಾಯಿತು. ಆದರೂ, “ನೋಡೋಣ, ಇನ್ನೂ ಟೈಮಿದೆ” ಎಂದು ಕಳಿಸಿದೆ. ಸಗಣಿಯಿಂದಲೂ ಆಗಿರಬಹುದು, ಹೊತ್ತಾದದ್ದರಿಂದಲೂ ಆಗಿರಬಹುದು, ಖಚಿತವಾಗಿ ಹೇಳುವವರು ಯಾರು ಎಂದು ನನ್ನ ಪರವಾಗಿ ನಾನೇ ವಕಾಲತ್ತು ನಡೆಸಿದೆ. ಆ ಬಟ್ಟೆಯ ಮೇಲಿನ ಗುಲಾಬಿ ಚೂರು ನೆನಪಾದಾಗಲೆಲ್ಲ ವಕೀಲೆ ಬಾಯಿ ಮುಚ್ಚುತ್ತಿದ್ದಳು.

ಈ ವರ್ಷ ಶಿವರಾತ್ರಿ ಕಳೆದ ವಾರ, ಆರು ತಿಂಗಳ ತಪಾಸಣೆಗೆ ದುಂಡೇಶ ಬಂದ. ಜೊತೆಗೆ ಪಾರವ್ವನೂ ಬಂದಿದ್ದಳು. ಗುರುದೇವಿ ಸ್ವಲ್ಪ ಉದ್ದವಾಗಿದ್ದಳು. ಉಳಿದ ಹಲ್ಲುಗಳು ಅವಳ ಜೊತೆ ಬೆಳೆದು ಕೆಳಗಿಳಿದಿದ್ದವು. ಆ ಒಂದು ಹಲ್ಲು ಮಾತ್ರ ಇದ್ದಲ್ಲೇ ನಿಂತು ಒಂದು ಕೂದಲೆಳೆ ಮೇಲಾಗಿ ಕಾಣುತ್ತಿತ್ತು. ಕನ್ನಡಿಯ ಹಿಡಿಯಿಂದ ಪಕ್ಕದ ಹಲ್ಲು ತಟ್ಟಿದೆ, ಮಂದ ಸದ್ದು. ಇದನ್ನು ತಟ್ಟಿದೆ, ಟಣ್ ಎಂದಿತು. ಎಕ್ಸ್‌ರೇಯಲ್ಲಿ ಬೇರಿನ ಅಂಚು ಇಲಿ ಕಡಿದ ರೊಟ್ಟಿಯ ಹಾಗೆ ಹರಿದಿತ್ತು. ಮೂಳೆ ತಿನ್ನುತ್ತಿತ್ತು.

ಹೇಳಿದೆ. ಹಲ್ಲು ಈಗಲೇ ಬೀಳುವುದಿಲ್ಲ, ಎರಡೋ ಮೂರೋ ವರ್ಷ ಇದ್ದೀತು, ಆದರೆ ಉಳಿಯುವುದಿಲ್ಲ, ಅವಳು ಬೆಳೆದಂತೆ ಇದು ಮೇಲೆಯೇ ಉಳಿದು ಕುಳ್ಳಾಗಿ ಕಾಣುತ್ತದೆ, ಆಮೇಲೆ ತೆಗೆಯಬೇಕಾಗುತ್ತದೆ ಎಂದೆ.

ದುಂಡೇಶನ ಮುಖ ಸಪ್ಪಗಾಯಿತು. “ಕೂತಿತ್ತಲ್ರಿ ಮೇಡಂ. ಯಾಕ್ ಹಿಂಗಾತು?”

ಸಲೀಸಾಗಿ ಬಂತು ಉತ್ತರ, ನನ್ನ ಬಾಯಿಂದ. “ಸಗಣೀಲಿತ್ತಲ್ಲ ದುಂಡೇಶ. ಹೊತ್ತೂ ಆಗಿತ್ತು.”

ಅವನು ತಾಯಿಯ ಕಡೆ ತಿರುಗಿದ. “ಕೇಳಿದೇನಬೇ? ಸುವರ್ಣಾ ಅವತ್ತಿಂದ ನಿನ್ನ ಮುಖ ನೋಡವಲ್ಲಳು, ಸುಮ್ಮನಲ್ಲ ಅದು. ಬ್ಯಾಡಬ್ಯಾಡಂದ್ರೂ ಊರಾಗಿಂದೆಲ್ಲ ಇಲ್ಲಿ ತಂದ್ ಮಾಡ್ತಿ. ನನ್ನ ಮಗಳ ಮಾರಿ ಕೆಡಿಸಿ ಇಟ್ಟಿ.”

ಪಾರವ್ವ ತನ್ನ ಎರಡೂ ಗಲ್ಲಕ್ಕೆ ಹೊಡೆದುಕೊಳ್ಳತೊಡಗಿದಳು. ದೇವರ ಮುಂದೆ ತಪ್ಪಾಯಿತೆಂದು ತಟ್ಟಿಕೊಳ್ಳುವ ಹಾಗಲ್ಲ, ಬಿಗಿಯಾಗಿ, ಚಟ್ ಚಟ್ ಎಂದು. ಗುರುದೇವಿ ಕುರ್ಚಿಯಿಂದ ಬಗ್ಗಿ ಅವಳ ಕೈ ಹಿಡಿದಳು. “ಆಯೀ, ಬಿಡು. ನಂಗೇನ್ ನೋವಿಲ್ಲ, ಬಿಡು ಆಯೀ.” ಮುದುಕಿ ಕೈ ಬಿಡಿಸಿಕೊಂಡು ಮತ್ತೆ ಹೊಡೆದುಕೊಂಡಳು.

ಪುಟ್ಟಲಕ್ಷ್ಮಿ ನನ್ನನ್ನು ನೋಡಲಿಲ್ಲ. ಸಿಂಕಿನ ಕಡೆ ತಿರುಗಿ, ತೊಳೆದಿದ್ದ ಸಾಮಾನನ್ನೇ ಮತ್ತೆ ತೊಳೆಯುತ್ತಿದ್ದಳು. ನಾನು ಇಷ್ಟು ವರ್ಷ ಎಷ್ಟೋ ಕೊಳಕು ಕಂಡಿದ್ದೇನೆ. ಕೀವು, ಹುಳುಕು, ಕೊಳೆತ ಅನ್ನ. ಆ ಹೊತ್ತಿನಲ್ಲಿ ನನ್ನ ಮೇಲೆ ನನಗೆ ಹುಟ್ಟಿದ ಅಸಹ್ಯದ ಮುಂದೆ ಅದೆಲ್ಲ ಏನೂ ಅಲ್ಲ. ಇನ್ನೊಂದು ನಿಮಿಷ ಸುಮ್ಮನಿದ್ದರೆ ಅವರು ಎದ್ದು ಹೋಗುತ್ತಿದ್ದರು, ಆ ಮುದುಕಿ ಸಾಯುವವರೆಗೆ ಈ ಪಾಪ ಹೊತ್ತುಕೊಂಡಿರುತ್ತಿದ್ದಳು, ನಾನು ಮುಂದಿನ ಮಗುವನ್ನು ಕರೆಸುತ್ತಿದ್ದೆ.

“ಅಜ್ಜಿ, ಹೊಡ್ಕೋಬೇಡಿ” ಎಂದೆ. “ನಿಮ್ಮಿಂದ ಅಲ್ಲ. ನೀವು ತಂದಾಗ ಬೇರಿನ ಮೇಲೆ ಪೊರೆ ಇತ್ತು. ಜೀವ ಇತ್ತು. ನಾನೇ ಕಣ್ಣಾರೆ ನೋಡ್ದೆ. ಆಮೇಲೆ ಉಜ್ಜಿಬಿಟ್ಟೆ.”

ಅವಳ ಕೈ ಗಲ್ಲದ ಹತ್ತಿರವೇ ನಿಂತಿತು.

“ಉಜ್ಜಬ್ಯಾಡ ಅಂತ ನೀವ ಹೇಳಿದ್ರೆಲ್ಲ, ಫೋನಿನ್ಯಾಗ?”

“ಹೇಳಿದ್ದೆ.”

“ಉಜ್ಜಿದ್ರ ಸಾಯ್ತೈತಿ ಅಂತ ಗೊತ್ತಿತ್ತು ನಿಮಗ.”

“ಗೊತ್ತಿತ್ತು.”

“ಮತ್ಯಾಕ ಉಜ್ಜಿದ್ರಿ?”

“ಹೇಸಿಗೆ ಆಯ್ತು.”

“ಸೆಗಣಿದ?”

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸಗಣಿಗೆ ಯಾರಾದರೂ ಹೇಸುತ್ತಾರೆ. “ಅಲ್ಲ. ಸಗಣಿ ಆಗ್ಲೇ ಹೋಗಿತ್ತು. ನಿಮ್ಮ ಬಾಯೀದು.”

ದುಂಡೇಶ ಎದ್ದು ನಿಂತ. ಪಾರವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಬೈಯಲಿ ಎಂದು ಕಾದೆ.

“ನಾ ಬಾಯಿ ತೊಳಕೊಂಡಿದ್ದೆ ಅಕ್ಕಾರ” ಎಂದಳು. “ಉಪ್ಪ ಹಾಕಿ ಮೂರ ಸಲ ಮುಕ್ಕಳಿಸಿದ್ದೆ. ಕೂಸಿನ ಹಲ್ಲ ಇಟ್ಕೋಬೇಕಲ್ಲ ಅಂತ.”

ಫೈಲು ತೆಗೆದು, ಹಳೆಯ ಶೀಟಿನ ಕೆಳಗೆ ನಡೆದದ್ದನ್ನು ನಡೆದಂತೆ ಬರೆದು ಸಹಿ ಹಾಕಿ ದುಂಡೇಶನ ಕೈಗೆ ಕೊಟ್ಟೆ. ಬೇರೆ ಎಲ್ಲಿ ತೋರಿಸಿದರೂ ಇದನ್ನು ತೋರಿಸಿ, ಮುಂದೆ ಏನೇನು ಬೇಕೋ ಅದನ್ನೆಲ್ಲ ಇಲ್ಲಿ ನಾನೇ ಮಾಡಿಕೊಡುತ್ತೇನೆ, ಅವಳಿಗೆ ಹದಿನೆಂಟಾಗುವವರೆಗೂ ಮಾಡಿಕೊಡುತ್ತೇನೆ ಎಂದೆ. ಅವನು ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡ.

ಗುರುದೇವಿಯ ತುಟಿ, ಗದ್ದ ತಪಾಸಣೆಯ ನೀರಿನಿಂದ ಒದ್ದೆಯಾಗಿದ್ದವು. ಒರೆಸೋಣವೆಂದು ಟಿಶ್ಯೂ ತೆಗೆದು ಕೈ ಚಾಚಿದೆ. ಪಾರವ್ವ ಮಧ್ಯೆ ಬಂದು ನಿಂತಳು. ತನ್ನ ಸೆರಗಿನ ತುದಿಯಿಂದ ಮೊಮ್ಮಗಳ ಮೇಲ್ದುಟಿ, ಕೆಳದುಟಿ, ಗದ್ದ, ನನ್ನ ಬೆರಳು ಎಲ್ಲೆಲ್ಲಿ ತಾಗಿತ್ತೋ ಅಲ್ಲೆಲ್ಲ ಒರೆಸಿದಳು. ಬಾಯಿ ತೆರೆಸಿ ಆ ಹಲ್ಲನ್ನೂ ಒರೆಸಿದಳು. ಸೆರಗಿನ ಬೇರೆ ಕಡೆ ತಿರುಗಿಸಿ ಹಿಡಿದು ಮತ್ತೊಮ್ಮೆ ಒರೆಸಿದಳು.

“ಇಳಿಯವ್ವ” ಎಂದಳು. “ಇನ್ನ ಇವರ ಕೈ ಬ್ಯಾಡ ನಮಗ.”